ಹಂಗಿನ ಲೆಕ್ಕ

ಆಚಾವೊ ದೋಣಿಕಟ್ಟೆಯ ಕಚೇರಿಯಲ್ಲಿ
ನನ್ನ ಮೇಜಿಗೆ ಮೂರೇ ಕಾಲು. ನಾಲ್ಕನೆಯದು ಒಂದು ಕೈಪಿಡಿ:
ಎಂಟುನೂರ ಹನ್ನೆರಡು ಪುಟ, ನೀಲಿ ರಟ್ಟು.
ಅನ್ಸೆಲ್ಮೊ ನಾವೆಲ್ಕಿನ್ ಹದಿನೆಂಟು ವರ್ಷ ಬರೆದ ಭಾಷೆಯದು.
ಕೊಂಡ ಭಾಷೆ. ಮಾರ್ಚಿಗೊಮ್ಮೆ ಬಾಡಿಗೆ.
ಕಟ್ಟಿದರೆ, ಯಾವ ದ್ವೀಪಕ್ಕೆ ಯಾವ ದೋಣಿ ಎಷ್ಟು ಹೊತ್ತಿಗೆ
ಎಂದು ಪರದೆ ಹೇಳುತ್ತಿತ್ತು.

"ಕೆಟ್ಟ ಭಾಷೆಯಲ್ಲ, ಎದೆಲ್ಮಿರಾ" ಅನ್ನುತ್ತಾನೆ ಮುದುಕ ಈಗಲೂ.
ಫೋನು ಮಾಡಿದರೆ ಎತ್ತುತ್ತಿದ್ದರು.
ಎತ್ತುವವಳ ಹೆಸರು ಐಲ್ಸಾ. ಅವಳಿಗೆ ಮೂವರು ಮಕ್ಕಳು,
ಕಿರಿಯವನಿಗೆ ಕಡಲೆಕಾಯಿ ಆಗುತ್ತಿರಲಿಲ್ಲ.
ಇಷ್ಟೆಲ್ಲ ಗೊತ್ತಿತ್ತು ಅವನಿಗೆ,
ತಾನು ಬರೆಯುವ ಭಾಷೆಯ ಒಳಗೇನಿದೆ ಎಂಬುದೊಂದು ಬಿಟ್ಟು.

ಐಲ್ಸಾಳ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು.
ಕೊಂಡದ್ದು ಮುಚ್ಚಲಿಕ್ಕೆ.
ಕೀಲಿಯ ಇಪ್ಪತ್ತೈದು ಅಕ್ಷರವೂ ಸರಿಯಿದ್ದವು;
ಸರಿ ಎನ್ನಲು ಅತ್ತಕಡೆ ಯಾರೂ ಇರಲಿಲ್ಲ.
ಒಂದು ಮಂಗಳವಾರ ಬೆಳಿಗ್ಗೆ
ವೇಳಾಪಟ್ಟಿ ಇದ್ದಲ್ಲಿ ಬೂದು ಚೌಕ: ಪರವಾನಗಿ ಮುಗಿದಿದೆ.
ಕಡಲಿನದು ಮುಗಿದಿರಲಿಲ್ಲ. ದೋಣಿಗಳು ಹೊರಟವು.
ಮೆಉಲಿನ್ ದ್ವೀಪದ ದಾದಿ ಲಸಿಕೆಯ ಡಬ್ಬಿ ಹಿಡಿದು
ತಪ್ಪು ಕಟ್ಟೆಯಲ್ಲಿ ಮಧ್ಯಾಹ್ನದವರೆಗೆ ನಿಂತಳು. ಮಂಜುಗಡ್ಡೆ ಕರಗಿತು.
ಐಲ್ಸಾಳ ಸಂಖ್ಯೆಯಲ್ಲಿ ಈಗೊಂದು ಸಂಗೀತ. ಬೇಕಾದರೆ ಕೇಳಿ.

ನಾನು ತೆರೆದ ಭಾಷೆಗೆ ಬಂದೆ. ದುಡ್ಡಿಲ್ಲ, ಕೀಲಿಯಿಲ್ಲ,
ಹೇಳುವವರಿಲ್ಲ, ಕೇಳುವವರಿಲ್ಲ.
ಮೊದಲ ರಾತ್ರಿಯ ಪ್ರಶ್ನೆಗೆ ಬೆಳಿಗ್ಗೆ ಉತ್ತರ:
"ಇನ್ನೂರ ಹದಿನಾಲ್ಕನೆಯ ಸಾಲು ಓದು."
ಅಷ್ಟೇ. ನಮಸ್ಕಾರವೂ ಇಲ್ಲ.
ಓದಿದೆ. ಒಂದು ಭಾಷೆಯ ಹೊಟ್ಟೆಯೊಳಗೆ
ಮೀನು ಸೀಳಿದ ಹಾಗೆ ಕೈಹಾಕಿದ್ದು ಅದೇ ಮೊದಲು.
ಯಾರೋ ಬರೆದಿಟ್ಟಿದ್ದರು ಅಲ್ಲಿ:
"ಇದು ಯಾಕೆ ನಡೆಯುತ್ತದೋ ತಿಳಿಯದು. ದಯವಿಟ್ಟು ಮುಟ್ಟಬೇಡಿ."
ನಕ್ಕುಬಿಟ್ಟೆ. ಒಲೆಯ ಮುಂದಿನ ನಾಯಿ ತಲೆಯೆತ್ತಿ ನೋಡಿತು.

ನಮ್ಮ ಸರಕಾರ ಗಡಿಯಾರವನ್ನು ಮನಸ್ಸಿಗೆ ಬಂದಂತೆ ತಿರುಗಿಸುತ್ತದೆ.
ಭಾಷೆಗದು ತಿಳಿಯದೆ, ಏಪ್ರಿಲಿನಲ್ಲಿ
ದೋಣಿಗಳೆಲ್ಲ ಪರದೆಯ ಮೇಲೆ ಒಂದು ಗಂಟೆ ಮುಂದೆ ಓಡಿದವು.
ಮೂರು ಸಾಲು ತಿದ್ದಿ ಕಳಿಸಿದೆ, ಹೆದರುತ್ತ.
ಆರು ವಾರದ ಮೇಲೆ ಉತ್ತರ, ಮುಖ ಇರಬೇಕಾದಲ್ಲಿ ಬೆಕ್ಕು:
"ಸೇರಿಸಿದ್ದೇನೆ. ತಡವಾಯಿತು. ಮಗು ಹುಟ್ಟಿದೆ, ನಿದ್ದೆಯಿಲ್ಲ.
ಈ ಭಾಗವನ್ನು ನೋಡಿಕೊಳ್ಳುವುದು ನಾನೊಬ್ಬನೇ. ಸಂಬಳವಿಲ್ಲ."

ಒಬ್ಬನೇ!
ಆಲೂಗಡ್ಡೆ ಗಂಟಲಲ್ಲೇ ನಿಂತಿತು.

ನಮ್ಮಲ್ಲಿ ಮನೆಗಳು ಜಾಗ ಬದಲಿಸುತ್ತವೆ.
ಅಡಿಗೆ ದಿಮ್ಮಿ ಕೊಟ್ಟು, ಎತ್ತು ಹೂಡಿ, ಊರಿಗೆ ಊರೇ ಎಳೆಯುತ್ತದೆ;
ಗೋಡೆಯ ಮೇಲಿನ ಕನ್ನಡಿ ಗೋಡೆಯ ಮೇಲೇ ಇರುತ್ತದೆ.
ಕೂಲಿಯಿಲ್ಲ, ಮುಯ್ಯಾಳು.
ಆದರೆ ಸಂಜೆ ಮನೆಯೊಡತಿ ಹಂಡೆ ಇಳಿಸಬೇಕು:
ಚಿಪ್ಪುಮೀನು, ಹಂದಿ, ಆಲೂಗಡ್ಡೆಯ ರೊಟ್ಟಿ.
ಇಳಿಸದೆ ಬಾಗಿಲು ಹಾಕಿಕೊಂಡವಳೊಬ್ಬಳಿದ್ದಳಂತೆ;
ಅವಳ ಹೆಸರು ಹೇಳುವಾಗ ಅಮ್ಮ ದನಿ ತಗ್ಗಿಸುತ್ತಿದ್ದಳು.

ಎಣಿಸಿದೆ. ನಮ್ಮ ಪುಟ್ಟ ವೇಳಾಪಟ್ಟಿಯ ಕೆಳಗೆ
ನಾಲ್ಕುನೂರ ಆರು ಜನರ ಹೆಗಲು.
ಒಬ್ಬರಿಗೂ ಒಂದು ಬಟ್ಟಲು ಸಾರು ಹಾಕಿದವಳಲ್ಲ ನಾನು.
ಬಾಡಿಗೆ, ಕಟ್ಟಿದರೆ ತೀರಿತು.
ಹಂಗು ಕಟ್ಟುವುದು ಯಾವ ಕಿಟಕಿಯಲ್ಲಿ?

ಲೆಕ್ಕದ ರೊಸಾಮೆಲ್ 'ಭಾಷೆ' ಎಂಬ ಸಾಲಿಗೆ
ಖುಷಿಯಿಂದ ಸೊನ್ನೆ ಸುತ್ತಿದ್ದಾನೆ. ಅರ್ಧವಾದರೂ ಇರಲಿ ಎಂದೆ.
"ಪುಕ್ಕಟೆ ಮಾಲಿಗೆ ದುಡ್ಡೇ? ರಸೀದಿ ಯಾರು ಕೊಡುತ್ತಾರೆ, ಬೆಕ್ಕೇ?"
ಅನ್ಸೆಲ್ಮೊ ಒಲೆಗೆ ಕಟ್ಟಿಗೆ ನೂಕಿ,
"ಕೆಟ್ಟರೆ ನೀನು ಫೋನು ಮಾಡುವುದಾದರೂ ಯಾರಿಗೆ?" ಅಂದ.
ಇಬ್ಬರಿಗೂ ಉತ್ತರವಿರಲಿಲ್ಲ ನನ್ನಲ್ಲಿ.

ಉಣ್ಣೆ ತಂದೆ. ಒಂದು ಜೊತೆ ಕಾಲುಚೀಲ.
ಬೆಕ್ಕಿಗೆ ಬರೆದಿದ್ದೇನೆ, ವಿಳಾಸ ಕೊಡು ಎಂದು.
ಇನ್ನೂ ಆರು ವಾರ ಹಿಡಿಯಬಹುದು.
ಒಂದಳತೆ ದೊಡ್ಡದಾಗಿಯೇ ಹೆಣೆದಿದ್ದೇನೆ.