ಎಲ್ಲರೂ ಇಳೀಬೇಕು

ದಿನಕ್ಕೆ ಇನ್ನೂರು ಸಲ ಇದೇ ಮಾತು ನನ್ನದು:
'ಇಳೀರಿ, ಎಲ್ಲರೂ ಇಳೀರಿ,
ಹಳದಿ ಗೆರೆ ಆಚೆ ನಿಂತ್ಕೊಳ್ಳಿ.'
ಚಿಂತಾಮಣಿಯ ಹೊರಗೆ, ಕೋಲಾರದ ದಾರಿಯಲ್ಲಿ
ಸಿಎನ್‌ಜಿ ಬಂಕು. ಬೆಳಗಿನ ಐದೂಮುಕ್ಕಾಲು.

ಇಲಿಯಾಜನ ಆಟೋದಿಂದ ಇಳಿದರು
ರೇಷ್ಮೆಗೂಡಿನ ಚೀಲದ ಇಬ್ಬರು,
ನರ್ಸಿಂಗ್ ಹುಡುಗಿ,
ಕೊನೆಗೆ, ಮೊದಲು ಒಂದು ಕಾಲು,
ಯೋಚಿಸಿ ಇನ್ನೊಂದು,
ನಾರೆಮ್ಮ.

'ಮುದುಕಿ ನಾನು, ಕೂತೇ ಇರ್ತೀನಮ್ಮ.'
'ಇಲ್ಲಜ್ಜಿ, ರೂಲ್ಸು.'
ಪೈಪು ಸಿಕ್ಕಿಸಿದೆ. ಮುಳ್ಳು ಎದ್ದಿತು,
ಅರವತ್ತು, ನೂರು, ನೂರಿಪ್ಪತ್ತು,
ಅಲ್ಲೇ ಕೂತಿತು. ಈವತ್ತೂ ಪ್ರೆಶರ್ ಇಲ್ಲ.

'ಏನು ಹಾಕ್ದೆ? ಏನೂ ಕಾಣ್ಲಿಲ್ವಲ್ಲ.'
'ಗ್ಯಾಸಜ್ಜಿ, ಕಾಣಲ್ಲ. ಹೊಗೇನೂ ಅಷ್ಟು ಬರಲ್ಲ.'
ನಕ್ಕಳು. ಎರಡು ಹಲ್ಲು.
'ನಮ್ಮಪ್ಪನ ಬಸ್ಸೂ ಗ್ಯಾಸಿಂದೇ.'

ಯುದ್ಧದ ಕಾಲವಂತೆ. ಪೆಟ್ರೋಲು ಚೀಟಿಗೆ ಮಾತ್ರ.
ಬಸ್ಸಿನ ಬೆನ್ನಿಗೆ ಆಳೆತ್ತರದ ಒಲೆ, ಅದರ ಹೊಟ್ಟೆಗೆ ಇದ್ದಿಲು.
ಅಪ್ಪ ಪಿಳ್ಳಪ್ಪ ಅದರ ಕ್ಲೀನರು,
ಹೆಸರಿಗೆ ಮಾತ್ರ ಕ್ಲೀನರು.
ಕೋಳಿ ಕೂಗೋ ಮೊದಲೇ ಹಿಡಿ ತಿರುಗಿಸಿ ತಿರುಗಿಸಿ
ಗಾಳಿ ಊದಬೇಕು, ಇದ್ದಿಲು ಕೆಂಡವಾಗಬೇಕು,
ಇಂಜಿನ್ನು ಒಂದು ಸಲ ಕೆಮ್ಮಿದರೆ
ಅದೇ ಹೊರಡೋ ಮುಹೂರ್ತ.
ದಿಣ್ಣೆ ಬಂತೋ, ಅಪ್ಪ ಕೂಗ್ತಿದ್ದ:
'ದಿಗಂಡಿ, ದಿಗಂಡಿ!'
ಅಮಲ್ದಾರರ ಗುಮಾಸ್ತ, ಹುಣಸೆಹಣ್ಣಿನ ಸಾಬರು,
ಮದುವೆಗೆ ಹೊರಟ ಜರಿಪೇಟ,
ಎಲ್ಲರೂ ಇಳಿದು ನೂಕಿದವರೇ.

'ರಾತ್ರಿ ಮನೆಗೆ ಬಂದ್ರೆ ಕಣ್ಣೆರಡೇ ಬೆಳ್ಳಗೆ.
ಅಮ್ಮ ಸೀಗೇಪುಡಿ ಹಾಕಿ ಉಜ್ಜೋಳು.
ಮೈ ಬಿಳುಪಾಯ್ತು.
ಎದೆ ಒಳಕ್ಕೆ ಕೈ ಹೋಗಬೇಕಲ್ಲ.'

ಅಷ್ಟಕ್ಕೇ ನಿಲ್ಲಿಸಿದಳು.
ನಾನೂ ಮೀಟರು ನೋಡಿದೆ.

'ಒಂದೂವರೆ ಕೇಜಿ ಬಿತ್ತು,' ಅಂದೆ.
ಇಲಿಯಾಜ್ ಲೆಕ್ಕ ಹಾಕಿದ. 'ಕೋಲಾರ ಸೇರ್ತೀನಿ.
ವಾಪಸ್ ಬರೋದು ಅಲ್ಲಾಹ್‌ಗೆ ಬಿಟ್ಟಿದ್ದು.'
ಗೂಡಿನವರು ನಕ್ಕರು, ಹತ್ತಿದರು.
ಹತ್ತೇ ನಿಮಿಷ ಚಳಿಯಲ್ಲಿ ಒಟ್ಟಿಗೆ ನಿಂತಿದ್ದಕ್ಕೋ ಏನೋ
ನರ್ಸ್ ಹುಡುಗಿಗೆ ಕಿಟಕಿ ಕಡೆ ಜಾಗ ಬಿಟ್ಟರು.

ಅಜ್ಜಿ ಮಾತ್ರ ಹಿಂದಕ್ಕೆ ಹೋದಳು.
ಬಗ್ಗಿದಳು, ಸೈಲೆನ್ಸರಿಗೆ ಅಂಗೈ ಒಡ್ಡಿದಳು,
ಒಲೆಗೆ ಒಡ್ಡಿದ ಹಾಗೆ.
ತಿರುವಿ ನೋಡಿಕೊಂಡಳು. ಕರಿ ಇರಲಿಲ್ಲ.
ಆದರೂ ಸೆರಗಿಗೆ ಒರೆಸಿಕೊಂಡಳು.

ಹಿಂದೆ ಹನ್ನೊಂದು ಗಾಡಿ, ಹಾರನ್ನಿನ ಮೇಲೆ ಹಾರನ್ನು.
ಯಾಕೋ ತೆಲುಗಲ್ಲೇ ಬಂತು ಬಾಯಿಗೆ:
ದಿಗಂಡಿ.