ಹಿಮ್ಮಡಿ ತುಳಿದ ಬೂಟು

ತೋಮೆಯ ಉಣ್ಣೆ ಗಿರಣಿ ಮುಚ್ಚಿ ಎಷ್ಟೋ ವರ್ಷ.
ಮಗ್ಗಗಳು ಗುಜರಿಗೆ ಹೋದವು,
ಕಾರ್ಮಿಕ ಸಂಘದ ಸಭಾಂಗಣ ಮಾತ್ರ ಉಳಿಯಿತು.
ಶುಕ್ರ, ಶನಿ, ಭಾನುವಾರ ಅಲ್ಲಿ ಸಿನಿಮಾ.
ಬಾಗಿಲಲ್ಲಿ ಟಿಕೆಟ್ ಹರಿಯುವವಳು ನಾನು.
ಒಳಗೆ ಹೋಗುವಾಗ ಜನ ನನಗೆ ಚಿಲ್ಲರೆ ಕೊಡುತ್ತಾರೆ,
ಹೊರಗೆ ಬರುವಾಗ ಅಭಿಪ್ರಾಯ.

ಈ ವಾರದ ಚಿತ್ರದಲ್ಲಿ ಹದಿನೈದರ ಹುಡುಗಿ.
ಶಾಲೆ, ಸಮುದ್ರ, ಒಬ್ಬ ಹುಡುಗ,
ಆಮೇಲೆ ಹೊಟ್ಟೆ.
ಕೊನೆಗೆ ಬಸ್ಸಿಗೆ ಕಾಯುತ್ತ ನಿಂತಿರುತ್ತಾಳೆ;
ಬಸ್ಸು ಬರುವ ಮೊದಲೇ ಪರದೆ ಕಪ್ಪು.

"ಬಂತೋ ಇಲ್ಲವೋ ಹೇಳಬೇಡವೇ?"
ಮೂವತ್ತು ವರ್ಷ ಬಸ್ಸು ಓಡಿಸಿದ ದೋನ್ ಎವಾರಿಸ್ತೊಗೆ ಸಿಟ್ಟು.
"ದುಡ್ಡು ಪೂರಾ ಇಸಕೊಂಡು
ಅರ್ಧ ದಾರಿಯಲ್ಲಿ ಇಳಿಸಿದ ಹಾಗಾಯಿತು."

ಔಷಧಿ ಅಂಗಡಿಯ ಎರ್ಮಿಂದಾ ಶಾಲು ಸುತ್ತಿಕೊಳ್ಳುತ್ತ,
"ಇಂಥದನ್ನು ತೋರಿಸಿದರೆ ಹುಡುಗಿಯರು ಕಲಿತುಬಿಡುತ್ತಾರೆ" ಅಂದಳು.
ಏನನ್ನು ಅಂತ ಹೇಳಲಿಲ್ಲ.
ಅವಳ ಅಂಗಡಿಯಲ್ಲಿ ಕೆಲವು ಡಬ್ಬಿಗಳು ತೀರ ಕೆಳಗಿನ ಖಾನೆಯಲ್ಲಿ.
ಕೇಳುವವರ ದನಿ ಬಗ್ಗಬೇಕು,
ಕೊಡುವವಳ ಬೆನ್ನು.

ಗಣಿತದ ಮೇಷ್ಟ್ರು ಬೆರಳು ಮಡಿಚಿ ಮಡಿಚಿ ಎಣಿಸಿದರು:
ಮಾರ್ಚಿಯಲ್ಲಿ ಶಾಲೆ ಶುರು,
ಸೆಪ್ಟೆಂಬರಿನ ಹಬ್ಬಕ್ಕೆ ಆರು ತುಂಬಬೇಕು,
ಗಾಳಿಪಟ ಹಾರಿಸುವಾಗ ಅವಳ ನಡು ಬಳುಕುತ್ತದಲ್ಲ, ಹೇಗೆ?
ಚಿತ್ರ ಚೆನ್ನಾಗಿದೆ, ಲೆಕ್ಕ ತಪ್ಪಿದೆ.

ಪಾದ್ರಿಯ ಹೆಂಡತಿ ಚಿತ್ರ ನೋಡಲಿಲ್ಲ.
ಅವರ ಅಭಿಪ್ರಾಯವೇ ಎಲ್ಲರದಕ್ಕಿಂತ ಉದ್ದ.

ಹೆರಿಗೆಯ ದೃಶ್ಯದಲ್ಲಿ ಕಿಸಕ್ಕೆಂದು ನಕ್ಕ ಹುಡುಗರು
ಹೊರಗೆ ಕಟಕಟೆಗೆ ಒರಗಿ ಒಂದೇ ಸಿಗರೇಟು ಸುತ್ತು ಹಾಕಿಸಿದರು.
"ಅವನು ಎಲ್ಲಿ ಹೋದ?" ಅಂದ ಯೆರ್ಕೊ.
"ಯಾರು?"
"ಅದೇ, ಅವನು. ಅರ್ಧ ಗಂಟೆಯಾದ ಮೇಲೆ
ಚಿತ್ರದಲ್ಲೇ ಇಲ್ಲ."
ಯಾರೂ ಉತ್ತರ ಕೊಡಲಿಲ್ಲ.
ಒಬ್ಬ ಕೆಳಗೆ ಕತ್ತಲಿಗೆ ಉಗಿದ.

ನೀಲಿ ಸಮವಸ್ತ್ರದ ಇಬ್ಬರು
ಒಂದೇ ಕರವಸ್ತ್ರದಲ್ಲಿ ಅತ್ತು ಮುಗಿಸಿ ಹೋದರು.
ಮರುದಿನ ಅವರಲ್ಲಿ ಒಬ್ಬಳೇ ಬಂದಳು,
ಚೀಲವನ್ನು ಎದೆಗಲ್ಲ, ತುಸು ಕೆಳಗೆ ಒತ್ತಿ ಹಿಡಿದು.
ಅವಳ ಟಿಕೆಟ್ಟು ಹರಿಯಲು ನನಗೆ ಕೈ ಬರಲಿಲ್ಲ.
ಇಡಿಯಾಗಿ ವಾಪಸು ಕೊಟ್ಟೆ.
ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ:
ನಾನು ನೋಡಿದ್ದು ಹುಡುಗಿಯನ್ನಲ್ಲ, ಹೊಟ್ಟೆಯನ್ನು.
ದಿಂಬು ಕಟ್ಟಿದ್ದಾರೆ, ಗೊತ್ತು.
ಆದರೂ ರಾತ್ರಿ ನಿದ್ದೆ ಹತ್ತದೆ ಅವಳು ಮಗ್ಗುಲು ಬದಲಿಸಿದಾಗೆಲ್ಲ
ಕುರ್ಚಿಯಲ್ಲಿ ನಾನೂ ಹೊರಳಿದೆ.
ನಾನು ಹುಟ್ಟಿದಾಗ ಅಮ್ಮನಿಗೆ ಹದಿನೈದು ವರ್ಷ, ನಾಲ್ಕು ತಿಂಗಳು.
ನನ್ನ ಹಾಲುಹಲ್ಲು ಬಿದ್ದ ಚಳಿಗಾಲದಲ್ಲಿ
ಅವಳಿಗೆ ಬುದ್ಧಿಹಲ್ಲು ಮೂಡಿ
ಇಬ್ಬರೂ ಗಂಜಿ ಕುಡಿದೆವು.

ಭಾನುವಾರ ಕೊನೆಯ ಆಟಕ್ಕೆ ಬಂದಳು,
ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ ನೇರ.
ಎಷ್ಟು ತೊಳೆದರೂ ಕೈ ಬಿಡದ ವಾಸನೆಗೆ ನಾಚಿ
ಗೋಡೆ ಬದಿಯ ಕೊನೆಯ ಕುರ್ಚಿ ಹಿಡಿದಳು.
ಎಲ್ಲರೂ ಹೋದ ಮೇಲೂ ಎದ್ದಿರಲಿಲ್ಲ.
ನಾನು ಪೊರಕೆ ಹಿಡಿದು ಸಾಲು ಸಾಲು ಗುಡಿಸುತ್ತ ಬಂದೆ.
ಜೋಳದ ಅರಳು, ಹರಿದ ಟಿಕೆಟ್ಟು, ಒಂದು ಒಂಟಿ ಕೈಗವಸು.
ಅವಳ ಸಾಲಿಗೆ ಬಂದಾಗ ಕಾಲು ಎತ್ತಿ ಜಾಗ ಕೊಟ್ಟಳು.

"ಹೇಗಿತ್ತು?" ಅಂದೆ.

"ಆ ಬೂಟು" ಅಂದಳು.
"ಕಾಲು ಊದಿಕೊಂಡು ಪಟ್ಟಿ ಹಾಕಲಾಗದೆ
ಹಿಮ್ಮಡಿ ತುಳಿದು ಎಳೆದುಕೊಂಡು ನಡೀತಾಳಲ್ಲ,
ಅದನ್ನು ಯಾರೋ ಗೊತ್ತಿದ್ದವರೇ ಹೇಳಿಕೊಟ್ಟಿದ್ದು."

"ಮತ್ತೆ?"

"ಅಷ್ಟು ಹೊತ್ತು ನಿಲ್ಲೋಕಾಗಲ್ಲ, ಆ ತಿಂಗಳಲ್ಲಿ.
ಕೂತುಕೋಬೇಕಿತ್ತು.
ಪಕ್ಕದಲ್ಲೇ ಒಂದು ಕಲ್ಲಿತ್ತಲ್ಲ."

ಮೂರು ರಾತ್ರಿ ನೋಡಿದ್ದೇನೆ.
ನನಗೆ ಕಲ್ಲು ಕಂಡಿರಲಿಲ್ಲ.