ಹಳದಿ ಪಾದ

ಜೋಹಾನ್ಸ್‌ಬರ್ಗಿನ ಸುತ್ತ ಹಸಿರು ಹಾದಿಯ ಉಂಗುರ
ನಕ್ಷೆಯಲ್ಲಿ ಮುಗಿದೇ ಹೋಗಿದೆ.
ನೆಲದ ಮೇಲೆ ಇನ್ನೂ ಹನ್ನೊಂದು ಕಡೆ ಹರಿದಿದೆ.
ಏಳನೆಯ ಹರಕಿಗೆ ನಾನು, ಮೊಖಾದಿ, ಒಂದು ಡಬ್ಬಿ ಬಣ್ಣ,
ರಟ್ಟಿನಲ್ಲಿ ಕತ್ತರಿಸಿದ ಪಾದದ ಅಚ್ಚು.

ಕಲ್ಲು ಕಂಡಲ್ಲಿ ಕೂತು ಒತ್ತುತ್ತಾಳೆ. ಎಡಪಾದ ಮಾತ್ರ.
ಬಲಪಾದ ನಡೆಯುವವರೇ ತರಲಿ, ಅನ್ನುತ್ತಾಳೆ.

ಯುಕ್‌ಸ್ಕೇ ಹೊಳೆ ಪಕ್ಕದಲ್ಲೇ; ಕಣ್ಣಿಗಿಂತ ಮೊದಲು
ಮೂಗಿಗೆ ಸಿಗುತ್ತದೆ.
ಕಳೆದ ನೆರೆ ಎಷ್ಟೆತ್ತರ ಬಂದಿತ್ತೆಂದು
ಜೊಂಡಿನ ಕೊರಳಿಗೆ ಸುತ್ತಿದ ಪ್ಲಾಸ್ಟಿಕ್ ಚೀಲಗಳು ಹೇಳುತ್ತವೆ.
ಹಡಿಡಾ ಹಕ್ಕಿಗಳು ಕೆಸರಿಗೆ ಕೊಕ್ಕು ಚುಚ್ಚಿ
ಯಾರ ಮೇಲೋ ದೂರು ಕೊಟ್ಟಂತೆ ಕಿರುಚುತ್ತವೆ.

ಈ ಬಯಲು ಯಾರೋ ಮರೆತು ಬಿಟ್ಟದ್ದಲ್ಲ.
ಅಳೆದು ಬಿಟ್ಟದ್ದು.
ಕರಿಯರ ಒಲೆಯ ಹೊಗೆ ಬಿಳಿಯರ ಕಿಟಕಿ ಮುಟ್ಟದಷ್ಟು ಅಗಲ
ಎಂದು ಕಚೇರಿಯಲ್ಲಿ ಒಬ್ಬಾತ ಸ್ಕೇಲಿಟ್ಟು ಗೆರೆ ಎಳೆದಿದ್ದ.
(ಅದೇ ಕಚೇರಿ. ನನ್ನ ಕುರ್ಚಿಯೂ ಆಗಿನದೇ ಇರಬಹುದು.)

ಹಾದಿ ಎಲ್ಲಿ ಹಾಯಬೇಕೆಂದು ನೋಡಲು ಡ್ರೋನ್ ಹಾರಿಸಿದೆ.
ಪರದೆಯ ಮೇಲೆ, ಹುಲ್ಲಿನ ನಡುವೆ, ಬೈತಲೆಯಂತೆ
ಆಗಲೇ ಒಂದು ಗೆರೆ:
ಇಳಿಜಾರಿಗೆ ಬಳುಕಿ, ಕೆಸರನ್ನು ಬಳಸಿ,
ಹೊಳೆ ತೆಳ್ಳಗಾಗುವಲ್ಲೇ ದಾಟಿ.
ಯಾವ ಎಂಜಿನಿಯರನ ಕೈ ಇದು, ಎಂದೆ.
"ಕೈಯಲ್ಲ," ಅಂದಳು ಮೊಖಾದಿ.
"ನನ್ನಜ್ಜಿ, ಅವಳ ಜೊತೆಯವರು. ಬೆಳಗಿನ ನಾಲ್ಕಕ್ಕೆ,
ಆಚೆಯವರ ಬಟ್ಟೆ ಒಗೆಯಲು.
ಪಾಸು ರವಿಕೆಯೊಳಗೆ, ಚಪ್ಪಲಿ ಕೈಯೊಳಗೆ."
"ಚಪ್ಪಲಿ ಕೈಯಲ್ಲೇಕೆ?"
"ಸವೆಯಬಾರದಲ್ಲ."

ನನ್ನ ಗೆರೆ ಅಳಿಸಿದೆ. ಅವರದನ್ನೇ ನಕಲು ಹೊಡೆದೆ,
ಕಾಪಿ ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ, ತಲೆ ಎತ್ತದೆ.

ಕೊನೆಗೆ ಗೋಡೆ.
ಮೇಲೆ ಕರೆಂಟಿನ ತಂತಿ ಜೇನುಹುಟ್ಟಿಯಂತೆ ಗುಂಯ್‌ಗುಡುತ್ತದೆ.
ಒಳಗಿನವರ ಸಭೆ ಮೂರನೆಯ ಸಲ ಮುಂದಕ್ಕೆ ಹೋಗಿದೆ.
ಹಾದಿ ಒಳ್ಳೆಯದೇ, ಬರೆದಿದ್ದಾರೆ,
ಆದರೆ ಯಾರು ಯಾರು ನಡೆಯುತ್ತಾರೋ.

ಕಾವಲಿನ ಮುಲಾಲೋ ಅತ್ತಿತ್ತ ನೋಡಿ
ಕಸದ ಗಾಡಿಯ ಗೇಟು ಸರಿಸಿದ:
ಎರಡೇ ನಿಮಿಷ, ಕ್ಯಾಮೆರಾ ಆ ಕಡೆ ತಿರುಗಿರುವಾಗ.

ಮೊಖಾದಿ ಅಚ್ಚು ತೆಗೆಯಲಿಲ್ಲ.
ಬೂಟು ಕಳಚಿದಳು, ಕಾಲುಚೀಲ ಕಳಚಿದಳು,
ಮುಚ್ಚಳದಲ್ಲಿ ಉಳಿದ ಹಳದಿಗೆ ಬಲಗಾಲು ಅದ್ದಿ
ಸಿಮೆಂಟಿನ ಹೊಸಿಲ ಮೇಲಿಟ್ಟು
ದಾಟಿದಳು. ತಿರುಗಿ ಬಂದಳು.

ಗೇಟು ಮುಚ್ಚಿತು.
ಒಣಗಲು ನಾಲ್ಕು ಗಂಟೆ ಬೇಕೆಂದು
ಡಬ್ಬಿಯ ಮೇಲೆ ಬರೆದಿತ್ತು.